ಐವತ್ತು ಪದದಲ್ಲಿ ಒಂದು ಸಿನಿಮಾದ ತೀರ್ಪು: ‘ಚೆನ್ನಾಗಿದೆ’ ಬಿಟ್ಟು ಇನ್ನೇನು ಬರೆಯೋದು?

ಬಾಲ್ಕನಿ_ಮೂಲೆ:

ನಮ್ಮೂರ ಫಿಲ್ಮ್ ಸೊಸೈಟಿಗೆ ಒಂದು ಪುಟ್ಟ ಪುಸ್ತಿಕೆ ಆಗಬೇಕಿದೆ. ಹದಿನಾಲ್ಕು ಕನ್ನಡ ಚಿತ್ರ, ಒಂದೊಂದಕ್ಕೂ 40ರಿಂದ 50 ಪದ, ಅಷ್ಟೇ ಜಾಗ. ಪಟ್ಟಿ ಕಲಸುಮೇಲೋಗರ: ‘ಸಂಸ್ಕಾರ’ ಇದೆ, ‘ಬಂಗಾರದ ಮನುಷ್ಯ’ ಇದೆ, ‘ಘಟಶ್ರಾದ್ಧ’, ‘ಆಕ್ಸಿಡೆಂಟ್’, ‘ದ್ವೀಪ’, ‘ಮುಂಗಾರು ಮಳೆ’, ‘ಲೂಸಿಯಾ’, ‘ತಿಥಿ’, ‘ಕೆಜಿಎಫ್’ ಎರಡನೇ ಭಾಗ, ‘ಕಾಂತಾರ’ ಎಲ್ಲಾ ಇವೆ. ಕಥಾಸಾರ ಬೇಡ, ತೀರ್ಪು ಬೇಕು ಅಂದಿದ್ದಾರೆ.

ಬರೆದದ್ದನ್ನು ಸಾಲಾಗಿಟ್ಟು ಓದಿದರೆ ಎಲ್ಲವೂ ಒಂದೇ ಅಚ್ಚು: “ಗಟ್ಟಿ ಕಥೆ, ಕಣ್ಣಿಗೆ ಹಬ್ಬವಾಗುವ ಛಾಯಾಗ್ರಹಣ, ಪಾತ್ರಕ್ಕೆ ಜೀವ ತುಂಬಿದ ಕಲಾವಿದರು, ಮೊದಲಾರ್ಧ ಕೊಂಚ ನಿಧಾನ.” ಚಿತ್ರದ ಹೆಸರು ಅದಲುಬದಲು ಮಾಡಿದರೂ ಯಾರಿಗೂ ಗೊತ್ತಾಗಲ್ಲ. ಇಷ್ಟು ಕಡಿಮೆ ಜಾಗದಲ್ಲಿ ಏನು ಹೇಳಬೇಕು, ಏನು ಬಿಡಬೇಕು? ಕಲಾತ್ಮಕ ಚಿತ್ರಕ್ಕೂ ಮಾಸ್ ಚಿತ್ರಕ್ಕೂ ಒಂದೇ ಅಳತೆಗೋಲು ಹಿಡಿಯಬಹುದಾ? ಸ್ಟಾರ್ ಕೊಡಬೇಕಾ?

ರೀಲುಪೆಟ್ಟಿಗೆ:

ಆ ಅದಲುಬದಲನ್ನೇ ಕತ್ತರಿ ಮಾಡಿಕೊಳ್ಳಿ. ಬರೆದ ಪ್ರತಿ ವಾಕ್ಯದಲ್ಲೂ ಚಿತ್ರದ ಹೆಸರು ತೆಗೆದು ಪಟ್ಟಿಯ ಇನ್ನೊಂದು ಚಿತ್ರದ ಹೆಸರು ಹಾಕಿ. ಆಗಲೂ ವಾಕ್ಯ ನಿಜ ಅನ್ನಿಸಿದರೆ ಹೊಡೆದುಹಾಕಿ. ನಮ್ಮ ಶುಕ್ರವಾರದ ವಿಮರ್ಶೆಗಳ ಮುಕ್ಕಾಲು ಪಾಲು ಈ ಕತ್ತರಿಗೇ ಹೋಗುತ್ತೆ, ಅದು ಬೇರೆ ಮಾತು.

ಮೊದಲೇ ಐವತ್ತು ಪದಕ್ಕೆ ಕೂರಬೇಡಿ. 120-150 ಪದ ಬರೆದು ಇಳಿಸುತ್ತಾ ಬನ್ನಿ. ಕನ್ನಡದಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಳ್ಳುವುದರಿಂದ 45 ಪದದಲ್ಲಿ ಮೂರು ವಾಕ್ಯ ಸಲೀಸಾಗಿ ಹಿಡಿಯುತ್ತವೆ. ಮೊದಲನೆಯದರಲ್ಲಿ ಚಿತ್ರ ಯಾವುದರ ಮೇಲೆ ನಿಂತಿದೆ ಅನ್ನೋದು. ಎರಡನೆಯದರಲ್ಲಿ ಅದಕ್ಕೆ ಸಾಕ್ಷಿಯಾಗಿ ಒಂದು ದೃಶ್ಯ ಅಥವಾ ಒಂದು ಶಬ್ದ. ಒಂದೇ ಸಾಕು, ಎರಡು ಹಾಕಿದರೆ ಎರಡೂ ಸೊರಗುತ್ತವೆ. ಮೂರನೆಯದರಲ್ಲಿ ಎಲ್ಲಿ ಜಾರಿತು, ಯಾಕೆ ಜಾರಿತು. ನಿರ್ದೇಶಕ, ವರ್ಷ, ಅವಧಿ, ತಾರಾಗಣ ಇವೆಲ್ಲ ಮೇಲಿನ ಸಣ್ಣಕ್ಷರದ ಸಾಲಿಗೆ ಹೋಗಲಿ. ಪದಗಳ ಲೆಕ್ಕಕ್ಕೆ ಅವನ್ನು ಸೇರಿಸಿದರೆ ಅರ್ಧ ಜಾಗ ಹೆಸರುಗಳಿಗೇ ಮುಗಿಯುತ್ತೆ.

ಮೂರು ಮಾದರಿ ಕೊಡುತ್ತೇನೆ. ಒಪ್ಪಲೇಬೇಕೆಂದಿಲ್ಲ, ರೀತಿ ನೋಡಿ.

ಸಂಸ್ಕಾರ: “ಹೆಣ ಎತ್ತುವವರು ಯಾರು ಎಂಬ ಒಂದೇ ಪ್ರಶ್ನೆಯಿಂದ ಇಡೀ ಅಗ್ರಹಾರವನ್ನು ಉಪವಾಸ ಕೆಡಹುವ ಚಿತ್ರ. ಶವಸಂಸ್ಕಾರಕ್ಕೆಂದು ಚಂದ್ರಿ ಒಡವೆ ಬಿಚ್ಚಿಟ್ಟಾಗ, ಶಾಸ್ತ್ರದ ಜಿಜ್ಞಾಸೆಯ ಹಿಂದಿದ್ದ ಆಸೆ ತಾನಾಗಿ ಹೊರಬೀಳುತ್ತದೆ. ಪ್ರಾಣೇಶಾಚಾರ್ಯ ಊರು ಬಿಟ್ಟ ಮೇಲೆ ಕಾದಂಬರಿಯ ಒಳಮಾತು ತೆರೆಗೆ ದಕ್ಕದೆ, ತಳಮಳ ಬರೀ ನಡಿಗೆಯಾಗಿ ಉಳಿಯುತ್ತದೆ.”

ಬಂಗಾರದ ಮನುಷ್ಯ: “ಬರಡು ನೆಲ ಹಸನು ಮಾಡುವ ಕೆಲಸವನ್ನೇ ರೋಚಕವಾಗಿಸಿದ ಅಪರೂಪದ ಜನಪ್ರಿಯ ಚಿತ್ರ. ‘ಆಗದು ಎಂದು’ ಹಾಡು ಉಪದೇಶವಾಗದೆ ದುಡಿಮೆಯ ಲಯವಾಗುತ್ತದೆ. ಅಕ್ಕನ ಮಕ್ಕಳ ತಂಟೆ ಶುರುವಾದ ಮೇಲೆ ರಾಜೀವನ ಒಳ್ಳೆಯತನಕ್ಕೆ ಅವನೊಳಗೇ ಎದುರಾಳಿ ಇಲ್ಲವಾಗಿ, ಕೊನೆಯ ನಿರ್ಗಮನ ಅವನ ಆಯ್ಕೆಗಿಂತ ಚಿತ್ರಕಥೆಯ ಆಯ್ಕೆ ಅನ್ನಿಸುತ್ತದೆ.”

ತಿಥಿ: “ಶತಾಯುಷಿ ಸತ್ತ ದಿನದಿಂದ ಹನ್ನೊಂದನೇ ದಿನದ ತಿಥಿಯವರೆಗೆ ಒಂದೇ ಮನೆಯ ಮೂರು ತಲೆಮಾರು ಮೂರು ದಿಕ್ಕಿಗೆ. ನೊದೆಕೊಪ್ಪಲಿನ ಜನರೇ ನಟರಾದ್ದರಿಂದ ಮಂಡ್ಯದ ಮಾತಿನ ಓಟವೇ ಸಂಗೀತದ ಕೆಲಸ ಮಾಡುತ್ತದೆ. ಜಮೀನು ಪತ್ರದ ಎಳೆ ಬಿಗಿ. ಅಭಿಯ ಪ್ರೇಮದ ಎಳೆಗೆ ಆ ಬಿಗಿ ಇಲ್ಲ.”

ಗಮನಿಸಿ: ಎಲ್ಲೂ ಅದ್ಭುತ, ಅಮೋಘ, ಮನೋಜ್ಞ ಇಲ್ಲ. ಕ್ರಿಯಾಪದ ಸರಿಯಾಗಿದ್ದರೆ ವಿಶೇಷಣ ಬೇಕಾಗಲ್ಲ.

ಗಾಂಧಿನಗರ_ಗಲ್ಲಿ:

ರೀಲುಪೆಟ್ಟಿಗೆ ಸಾರ್, ರೀತಿ ಒಪ್ಪಿದೆ. ಆದರೆ ‘ಬಂಗಾರದ ಮನುಷ್ಯ’ದಲ್ಲಿ ಅಂತ್ಯ ಬಿಟ್ಟುಕೊಟ್ಟಿರಿ. ಐವತ್ತು ವರ್ಷ ದಾಟಿದ ಚಿತ್ರ, ರಾಜ್ಯಕ್ಕೆಲ್ಲ ಗೊತ್ತು ಅಂತ ಅನ್ನಬಹುದು. ಪುಸ್ತಿಕೆ ಹಿಡಿದು ಬರೋದು ನೋಡದೇ ಇರುವವರು ತಾನೇ? ಒಂದು ಗೆರೆ ಹಾಕಿಕೊಳ್ಳಿ: ಮೊದಲ 20-25 ನಿಮಿಷದ ಸಂಗತಿ ಏನು ಬೇಕಾದರೂ ಹೇಳಿ. ಇಂಟರ್‌ವಲ್ ಆದಮೇಲಿನದನ್ನು ಏನಾಯಿತು ಅಂತ ಹೇಳದೆ ಹೇಗೆ ಮಾಡಿದ್ದಾರೆ ಅಂತ ಮಾತ್ರ ಹೇಳಿ. “ದ್ವಿತೀಯಾರ್ಧದಲ್ಲಿ ಕಣ್ಣೀರೇ ಚಿತ್ರಕಥೆಯನ್ನು ಮುಂದಕ್ಕೆ ತಳ್ಳುತ್ತದೆ” ಅಂದರೆ ಸಾಕಿತ್ತು.

ಈಗ ಆ “ಮೊದಲಾರ್ಧ ನಿಧಾನ” ವಿಷಯ. ಕನ್ನಡ ವಿಮರ್ಶೆಯಲ್ಲಿ ಇದಕ್ಕಿಂತ ಸೋಮಾರಿ ವಾಕ್ಯ ಇನ್ನೊಂದಿಲ್ಲ. ಯಾಕಂದರೆ ಒಂದೇ ದೂರಿನ ಕೆಳಗೆ ಮೂರು ಬೇರೆ ದೋಷ ಅಡಗಿರುತ್ತವೆ. ಒಂದು, ಗೊತ್ತಿರುವುದನ್ನೇ ಇನ್ನೊಂದು ದೃಶ್ಯ ಮತ್ತೆ ಹೇಳುವುದು. ಇದು ಬರವಣಿಗೆಯ ದೋಷ. ಎರಡು, ದೃಶ್ಯದ ಕೆಲಸ ಮುಗಿದರೂ ಶಾಟ್ ಮುಗಿಯದಿರುವುದು, ಇದು ಸಂಕಲನದ್ದು. ಮೂರು, ಸನ್ನಿವೇಶ ಬಿಸಿಯಾಗಿರುವಾಗ ಹಾಡು ಬಂದು ಕೂರುವುದು. ಇದು ಬಹಳ ಸಲ ನಿರ್ಮಾಪಕರದ್ದೋ ಆಡಿಯೋ ಮಾರಾಟದ್ದೋ ಒತ್ತಾಯ. “ಇನ್ನಷ್ಟು ಟ್ರಿಮ್ ಮಾಡಬಹುದಿತ್ತು” ಅನ್ನುವ ಔಷಧಿ ಎರಡನೆಯದಕ್ಕೆ ಮಾತ್ರ ನಾಟೋದು. ಮೊದಲನೆಯದಕ್ಕೆ ಕತ್ತರಿ ಹಾಕಿದರೆ ಚಿತ್ರ ಗಿಡ್ಡ ಆಗುತ್ತೆ, ಚುರುಕಾಗಲ್ಲ.

ಪತ್ತೆ ಮಾಡೋದು ಹೇಗೆ? ಎರಡನೇ ಸಲ ನೋಡುವಾಗ ಫೋನಿನಲ್ಲಿ ಸಮಯ ಗುರುತು ಹಾಕಿಕೊಳ್ಳಿ. ಪಾತ್ರಕ್ಕೆ ಹೊಸ ಸಂಗತಿ ಗೊತ್ತಾದಾಗ, ಅಥವಾ ಅದು ಹೊಸ ತೀರ್ಮಾನ ತೆಗೆದುಕೊಂಡಾಗ ಒಂದು ಗೆರೆ. 12-15 ನಿಮಿಷ ಗೆರೆಯೇ ಬೀಳದಿದ್ದರೆ ತಪ್ಪು ಬರವಣಿಗೆಯಲ್ಲಿದೆ. ಗೆರೆ ಬೀಳ್ತಾ ಇದ್ದೂ ಬೇಜಾರಾದರೆ ಶಾಟ್‌ಗಳ ಉದ್ದ ನೋಡಿ. ‘ದ್ವೀಪ’ದಲ್ಲಿ ಯಾರೂ ಓಡಲ್ಲ, ಕೂಗಲ್ಲ, ಆದರೆ ಹಿನ್ನೀರು ಏರುತ್ತಲೇ ಇರುತ್ತೆ, ಮಳೆಯ ಸದ್ದು ನಿಲ್ಲಲ್ಲ, ದೃಶ್ಯದಿಂದ ದೃಶ್ಯಕ್ಕೆ ಆ ಮನೆಯ ಆಯ್ಕೆಗಳು ಕಿರಿದಾಗುತ್ತವೆ. ಅದನ್ನು ನಿಧಾನ ಅಂತ ಬರೆದರೆ ಚಿತ್ರದ ಗುಣವನ್ನೇ ದೋಷದ ಖಾತೆಗೆ ಜಮಾ ಮಾಡಿದ ಹಾಗೆ.

ಮಾಸ್ ಚಿತ್ರದ ಅಳತೆ. “ಲಾಜಿಕ್ ಕೇಳಬೇಡಿ, ಎಂಜಾಯ್ ಮಾಡಿ” ಅನ್ನೋದೂ ತಪ್ಪು, “ಇದೆಲ್ಲಾ ಸಾಧ್ಯವೇ” ಅನ್ನೋದೂ ತಪ್ಪು. ಚಿತ್ರ ತಾನೇ ಹಾಕಿಕೊಂಡ ನಿಯಮ ಪಾಲಿಸಿತಾ ಅಂತ ಕೇಳಿ. ‘ಕೆಜಿಎಫ್’ ಎರಡನೇ ಭಾಗಕ್ಕೆ ನಾನಾದರೆ ಹೀಗೆ ಬರೆದೇನು:

“ದಂತಕಥೆ ಹುಟ್ಟುವುದು ಕೃತ್ಯದಿಂದಲ್ಲ, ಅದನ್ನು ಹೇಳುವವರ ಬಾಯಿಂದ ಎಂದು ನಂಬಿದ ಚಿತ್ರ. ‘ದೊಡ್ಡಮ್ಮ’ ಬಂದೂಕು ಪೊಲೀಸ್ ಠಾಣೆಯನ್ನು ಸೀಳಿ, ಕಾದ ನಳಿಗೆಯಲ್ಲಿ ಸಿಗರೇಟು ಹತ್ತುವಾಗ ಆ ನಂಬಿಕೆ ಗೆಲ್ಲುತ್ತದೆ. ಆದರೆ ಮೊದಲ ದೃಶ್ಯದಿಂದಲೇ ದನಿ ಶಿಖರದಲ್ಲಿದ್ದು, ಕೊನೆಗೆ ಏರಲು ಜಾಗವೇ ಉಳಿದಿಲ್ಲ.”

ಅಲ್ಲಿ ಭೌತಶಾಸ್ತ್ರದ ತಕರಾರೇ ಇಲ್ಲ ನೋಡಿ.

ತುಂಗಾತೀರ:

ಬರೆಯೋಕೆ ಮುಂಚೆ ಏನು ನೋಡಿದಿರಿ ಅನ್ನೋದೇ ಮುಖ್ಯ. ಯೂಟ್ಯೂಬಿನಲ್ಲಿ ಯಾರೋ ಹಳೇ ವಿಸಿಡಿಯಿಂದ ಎತ್ತಿ ಹಾಕಿದ ಪ್ರತಿ ನೋಡಿ ಛಾಯಾಗ್ರಹಣದ ತೀರ್ಪು ಕೊಡಬೇಡಿ. ಅಂಥ ಪ್ರತಿಯಲ್ಲಿ ಕಪ್ಪು ಬೂದಿಯಾಗಿರುತ್ತೆ, ಚೌಕಟ್ಟಿನ ಅಂಚು ಕತ್ತರಿಸಿರುತ್ತೆ, ಮೇಲೆ ಚಾನೆಲ್ಲಿನ ಲೋಗೋ ಬೇರೆ. ‘ಘಟಶ್ರಾದ್ಧ’ದ ಪುನರುಜ್ಜೀವಿತ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿದೆ, ಸೊಸೈಟಿಯ ಪ್ರದರ್ಶನಕ್ಕೆ ಅದು ಸಿಗುತ್ತಾ ಅಂತ ಮೊದಲು ವಿಚಾರಿಸಿ. ಸಿಗದಿದ್ದರೆ ಆ ಚಿತ್ರದ ಬೆಳಕಿನ ಬಗ್ಗೆ ಬರೆಯದೆ ದೃಷ್ಟಿಕೋನದ ಬಗ್ಗೆ ಬರೆಯಿರಿ: ಯಮುನೆಗೆ ಏನಾಗುತ್ತಿದೆ ಅನ್ನೋದು ನಮಗೆ ತಿಳಿಯೋದು, ಅರ್ಧಂಬರ್ಧ ಅರ್ಥವಾಗುವ ಮಾಣಿಯೊಬ್ಬನ ಕಣ್ಣಿಂದ. ಪ್ರತಿ ಎಷ್ಟು ಕೆಟ್ಟಿದ್ದರೂ ಅದು ಕೆಡಲ್ಲ. ಪಟ್ಟಿಯಲ್ಲಿ ‘ಕಸ್ತೂರಿ ನಿವಾಸ’ ಇದ್ದರೆ 1971ರ ಕಪ್ಪು-ಬಿಳುಪೋ 2014ರಲ್ಲಿ ಬಣ್ಣ ಹಚ್ಚಿ ಬಿಟ್ಟದ್ದೋ ಅಂತ ನಮೂದಿಸಿ. ಎರಡಕ್ಕೂ ಒಂದೇ ತೀರ್ಪು ಹೊಂದಲ್ಲ.

ಶಬ್ದಕ್ಕೂ ಇದೇ ಮಾತು. ‘ಕಾಂತಾರ’ದ ಕೊನೆಯ ಕೋಲದ (ದೈವದ ವೇಷ ಕಟ್ಟಿ ಕುಣಿಯುವ ಆರಾಧನೆಯ) ಭಾಗ ಕಿವಿಯ ಮೇಲೇ ನಿಂತದ್ದು. ಫೋನ್ ಸ್ಪೀಕರಿನಲ್ಲಿ ಕೇಳಿದವರಿಗೆ ಅಲ್ಲಿ ಬರೀ ಕೂಗಾಟ ಕಂಡೀತು. ನನ್ನ ತೀರ್ಪು: “1847ರಲ್ಲಿ ರಾಜ ದೈವಕ್ಕೆ ಕೊಟ್ಟ ಮಾತನ್ನು 1990ರ ಸರ್ವೆ ಗೆರೆಯ ಎದುರು ನಿಲ್ಲಿಸುವ ಚಿತ್ರ. ಕೊನೆಯ ಕೋಲದಲ್ಲಿ ಮಾತು ಮುಗಿದು ದನಿ ಮಾತ್ರ ಉಳಿದಾಗ ನಟನೂ ಪಾತ್ರವೂ ಬೇರೆ ಕಾಣಿಸುವುದಿಲ್ಲ. ಲೀಲಾಳನ್ನು ಚಿವುಟಿ ಒಲಿಸಿಕೊಳ್ಳುವ ತಮಾಷೆ ಮಾತ್ರ ಹಳೇ ಸರಕು. ಅವಳ ನೌಕರಿಯ ಇಕ್ಕಟ್ಟಿಗೆ ಸಿಗಬೇಕಾದ ಹೊತ್ತನ್ನು ಅದು ತಿನ್ನುತ್ತದೆ.”

ಗಾಂಧಿನಗರ_ಗಲ್ಲಿಯವರ 20-25 ನಿಮಿಷದ ಗೆರೆ ಎಲ್ಲ ಚಿತ್ರಕ್ಕೂ ನಡೆಯಲ್ಲ. ‘ಲೂಸಿಯಾ’ದಲ್ಲಿ ಎರಡು ಬದುಕು, ಒಂದು ಬಣ್ಣದಲ್ಲಿ, ಒಂದು ಕಪ್ಪು-ಬಿಳುಪಿನಲ್ಲಿ. ಇದು ಬೇಗ ಗೊತ್ತಾಗುವ ಸಂಗತಿಯೇ. ಆದರೂ ಯಾವುದು ಕನಸು ಅಂತ ನಿಮ್ಮ ವಾಕ್ಯ ಸುಳಿವು ಕೊಟ್ಟರೆ ಮುಗೀತು. “ನಾಯಕ ಕನಸಿನಲ್ಲಿ...” ಅಂತ ಶುರು ಮಾಡಬೇಡಿ, “ಎರಡೂ ಬದುಕು ಒಂದನ್ನೊಂದು ಹೊದ್ದುಕೊಳ್ಳುತ್ತವೆ” ಅನ್ನಿ. ಎರಡು ಭಾಗದಲ್ಲಿ ಬಂದ ಚಿತ್ರಗಳಿಗೆ ಇನ್ನೊಂದು ತೊಡಕು. ‘ಸಪ್ತ ಸಾಗರದಾಚೆ ಎಲ್ಲೋ’ ಸೈಡ್ ಎ, ಸೈಡ್ ಬಿ ಎರಡೂ 2023ರಲ್ಲೇ ಬಂದವು. ಮೊದಲನೆಯದರ ನೀಲಿ ಎರಡನೆಯದರಲ್ಲಿ ಕೆಂಪಿಗೆ ತಿರುಗೋದನ್ನು ಹೇಳಬೇಕಾದರೆ ಎರಡನ್ನೂ ಒಟ್ಟಿಗೆ ತೂಗಲೇಬೇಕು. ಬಿಡಿಬಿಡಿಯಾಗಿ ಬರೆದರೆ ಸೈಡ್ ಎಗೆ “ಅಪೂರ್ಣ” ಅನ್ನುವ ಅನ್ಯಾಯದ ದೂರು ಬೀಳುತ್ತೆ.

ಸ್ಟಾರ್ ಬೇಡ. ‘ಆಕ್ಸಿಡೆಂಟ್’ಗೂ ‘ಮುಂಗಾರು ಮಳೆ’ಗೂ ನಾಲ್ಕು ಕೊಟ್ಟಿರಿ ಅಂದುಕೊಳ್ಳಿ, ಒಂದರಲ್ಲಿ ಹಾಡೇ ಇಲ್ಲ, ಇನ್ನೊಂದನ್ನು ಹಾಡಿಲ್ಲದೆ ಊಹಿಸೋಕಾಗಲ್ಲ. ಆ ನಾಲ್ಕು ಯಾರಿಗೆ ಏನು ಹೇಳಿತು? ಮೇಲಾಗಿ ಮೂರೂವರೆ ಅನ್ನೋದು ನಮ್ಮಲ್ಲಿ ಯಾರನ್ನೂ ನೋಯಿಸದ ಅಂಕ ಆಗಿಬಿಟ್ಟಿದೆ. ಅದರ ಬದಲು ಸಣ್ಣಕ್ಷರದ ಸಾಲಿನಲ್ಲಿ ಉಪಯೋಗಕ್ಕೆ ಬರೋದನ್ನು ಹಾಕಿ: ಸೆನ್ಸಾರ್ ಪ್ರಮಾಣಪತ್ರ, ಹಿಂಸೆ ಎಷ್ಟು, ಉಪಶೀರ್ಷಿಕೆ ಇದೆಯೋ ಇಲ್ಲವೋ, ಮಾತು ಯಾವ ಸೀಮೆಯದು. ಬೀದರಿನವರಿಗೆ ಕುಂದಾಪುರದ ಕನ್ನಡ, ಮಂಗಳೂರಿನವರಿಗೆ ಮಂಡ್ಯದ ಕನ್ನಡ ಮೊದಲ ಹತ್ತು ನಿಮಿಷ ತಡವರಿಸುತ್ತೆ. ಮುಂಚೆ ಹೇಳಿದ್ದರೆ ಕಿವಿ ತಯಾರಾಗಿರುತ್ತೆ.

ಗಾಂಧಿನಗರ_ಗಲ್ಲಿ:

ಸ್ಟಾರ್ ವಿಷಯದಲ್ಲಿ ಅರ್ಧ ಒಪ್ಪುತ್ತೇನೆ. ಅಂಕ ಇಲ್ಲದಿದ್ದರೆ ಬರೆಯುವವರು ಎರಡೂ ಕಡೆ ತಲೆಯಾಡಿಸಿ ತಪ್ಪಿಸಿಕೊಳ್ಳೋದೂ ಇದೆ. ಅಂಕ ತೆಗೆದರೆ ಮೂರನೇ ವಾಕ್ಯದಲ್ಲಿ “ಆದರೂ ಪರವಾಗಿಲ್ಲ”, “ಸಣ್ಣಪುಟ್ಟ ದೋಷ ಬದಿಗಿಟ್ಟರೆ” ಇಂಥವು ಬರಕೂಡದು. ಸಣ್ಣ ದೋಷ ಆದರೆ ಐವತ್ತು ಪದದಲ್ಲಿ ಅದಕ್ಕೆ ಜಾಗ ಯಾಕೆ?

ಬಾಲ್ಕನಿ_ಮೂಲೆ:

ಎಲ್ಲರಿಗೂ ಧನ್ಯವಾದ. ‘ಮುಂಗಾರು ಮಳೆ’ಗೆ ಬರೆದ ಇದನ್ನು ಸ್ವಲ್ಪ ತಿದ್ದಿಕೊಡಿ:

“ಯೋಗರಾಜ್ ಭಟ್ ನಿರ್ದೇಶನದ ಈ ದೃಶ್ಯಕಾವ್ಯ ಕನ್ನಡ ಚಿತ್ರರಂಗದಲ್ಲಿ ಹೊಸ ಅಲೆ ಎಬ್ಬಿಸಿತು. ಗಣೇಶ್ ಅಭಿನಯ ಅಮೋಘ. ಮನೋಮೂರ್ತಿ ಸಂಗೀತ, ಜಯಂತ ಕಾಯ್ಕಿಣಿ ಸಾಹಿತ್ಯದ ‘ಅನಿಸುತಿದೆ’ ಇಂದಿಗೂ ಎಲ್ಲರ ಬಾಯಲ್ಲಿದೆ. ಮಳೆಯೂ ಇಲ್ಲಿ ಒಂದು ಪಾತ್ರ. ಕಥೆ ತೆಳುವಾದರೂ ಕುಟುಂಬ ಸಮೇತ ಒಮ್ಮೆ ನೋಡಲೇಬೇಕು.”

ರೀಲುಪೆಟ್ಟಿಗೆ:

ಒಂದೊಂದಾಗಿ ನೋಡೋಣ. “ದೃಶ್ಯಕಾವ್ಯ” ಕತ್ತರಿಗೆ, ‘ದ್ವೀಪ’ಕ್ಕೂ ಕೂರುತ್ತೆ. “ಹೊಸ ಅಲೆ” ಇತಿಹಾಸ, ತೀರ್ಪಲ್ಲ. ಅದು ಮುನ್ನುಡಿಗೆ ಹೋಗಲಿ. ಭಟ್ಟರು, ಮನೋಮೂರ್ತಿ, ಕಾಯ್ಕಿಣಿ ಮೂವರೂ ಮೇಲಿನ ಸಾಲಿಗೆ. “ಮಳೆಯೂ ಒಂದು ಪಾತ್ರ” ಅನ್ನೋದನ್ನು ಮಳೆ ಬಂದ ಪ್ರತಿ ಚಿತ್ರಕ್ಕೂ ಬರೆದಾಗಿದೆ. ಮಳೆ ಏನು ಮಾಡುತ್ತೆ ಅಂತ ಹೇಳೋಕಾದರೆ ಇಡಿ, ಇಲ್ಲದಿದ್ದರೆ ತೆಗೀರಿ. “ಅಮೋಘ” ತೆಗೆದು ಗಣೇಶ್ ಯಾವ ದೃಶ್ಯದಲ್ಲಿ ಏನು ಮಾಡುತ್ತಾರೆ ಅಂತ ಹಾಕಿ. “ಕಥೆ ತೆಳು” ಅಂದಿರಿ, ಎಲ್ಲಿ ತೆಳು? ನನ್ನ ಪ್ರಕಾರ ನಾಯಕಿ ನಂದಿನಿಯ ಕಡೆ. ಹಾಗಾದರೆ ಅದನ್ನೇ ಹೇಳಿ:

“ಮಾತು ನಿಂತರೆ ಅಳು ಬಂದೀತೆಂಬ ಭಯಕ್ಕೆ ಮಾತಾಡುತ್ತಲೇ ಇರುವ ಪ್ರೇಮಿಯ ಚಿತ್ರ. ಗಣೇಶ್ ‘ದೇವದಾಸ’ ಎಂಬ ಮೊಲದ ಮುಂದೆ ಹರಟುವಾಗ ತಮಾಷೆಯೂ ಸಂಕಟವೂ ಒಂದೇ ಸಾಲಿನಲ್ಲಿ ಬರುತ್ತವೆ. ನಂದಿನಿಗೆ ಮಾತ್ರ ಅಷ್ಟು ಮಾತಿಲ್ಲ. ಅವಳ ಮದುವೆಯ ಬಗ್ಗೆ ಅವಳನ್ನು ಬಿಟ್ಟು ಉಳಿದವರೇ ಹೆಚ್ಚು ಯೋಚಿಸುತ್ತಾರೆ.”

ಜಾಗ ಇನ್ನೂ ಮಿಕ್ಕಿದೆ. ಬೇಕಾದರೆ ಹಾಡುಗಳ ಬಗ್ಗೆ ಒಂದು ಅರ್ಧ ವಾಕ್ಯ ಸೇರಿಸಿ, ಆದರೆ “ಎಲ್ಲರ ಬಾಯಲ್ಲಿದೆ” ಬೇಡ; ಗಣೇಶ್ ಮಾಡಿದ ಪಾತ್ರ ಪ್ರೀತಮ್ ನೇರವಾಗಿ ಆಡಲಾರದ್ದನ್ನು ಹಾಡು ಆಡುತ್ತೆ ಅನ್ನೋದನ್ನು ಹೇಳಿ.

ಅಚ್ಚಿಗೆ ಹೋಗುವ ಮುಂಚೆ ವರ್ಷಗಳನ್ನೂ ಒಮ್ಮೆ ತಾಳೆ ನೋಡಿ. ಚಿತ್ರೋತ್ಸವದ ವರ್ಷ ಬೇರೆ, ಬಿಡುಗಡೆಯ ವರ್ಷ ಬೇರೆ ಇರುತ್ತೆ: ‘ತಿಥಿ’ಗೆ ಲೊಕಾರ್ನೊದಲ್ಲಿ ಪ್ರಶಸ್ತಿ ಬಂದದ್ದು 2015ರಲ್ಲಿ, ಇಲ್ಲಿ ಥಿಯೇಟರಿಗೆ ಬಂದದ್ದು 2016ರಲ್ಲಿ. ಯಾವುದನ್ನು ಹಾಕಿದರೂ ಹದಿನಾಲ್ಕಕ್ಕೂ ಅದೇ ಲೆಕ್ಕ ಇರಲಿ.