ಮಳೆ ಬಂದ ಕೂಡಲೇ ಹಿಂದಿನ ಚಕ್ರ ಜಾರುತ್ತದೆ, ಅಗಲದ ಟಯರ್ ಹಾಕಿಸಬೇಕಾ?

ಕುಂಬಳೆಯ ಸವಾರ:
ಎಲ್ಲರಿಗೂ ನಮಸ್ಕಾರ. ನನ್ನದು ಪಲ್ಸರ್ 150, ಏಳು ತಿಂಗಳ ಹಿಂದೆ ತೆಗೆದುಕೊಂಡ ಸೆಕೆಂಡ್ ಹ್ಯಾಂಡ್ ಗಾಡಿ. ಮೊದಲಿನವರು ಗಲ್ಫಿನಲ್ಲಿದ್ದರು, ಗಾಡಿ ವರ್ಷಗಟ್ಟಲೆ ಶೆಡ್ಡಿನಲ್ಲೇ ಇತ್ತು. ನಾನು ದಿನಾ ಕುಂಬಳೆಯಿಂದ ಮಂಗಳೂರಿಗೆ ಕೆಲಸಕ್ಕೆ ಹೋಗಿ ಬರುತ್ತೇನೆ. ಭಾನುವಾರ ಅಮ್ಮನನ್ನು ಕೂರಿಸಿಕೊಂಡು ಬದಿಯಡ್ಕ ದಾಟಿ ಪೆರ್ಲದ ಅಜ್ಜನ ಮನೆಗೆ.

ಮೊನ್ನೆ ಮಳೆಗೆ ಪೆರ್ಲದ ಹತ್ತಿರ ತಿರುವಿನಲ್ಲಿ ಮೆಲ್ಲ ಬ್ರೇಕ್ ಹಿಡಿದದ್ದಷ್ಟೆ, ಹಿಂದಿನ ಚಕ್ರ ಬದಿಗೆ ಜಾರಿತು. ಬೀಳಲಿಲ್ಲ, ಆದರೆ ಅಮ್ಮ ತುಂಬಾ ಹೆದರಿದರು. ಟಯರಿನಲ್ಲಿ ಗ್ರಿಪ್ ಇನ್ನೂ ಅರ್ಧಕ್ಕಿಂತ ಜಾಸ್ತಿ ಇದೆ. ಟಯರ್ ಅಂಗಡಿಯವರು 100/90-17 ತೆಗೆದು 120/80-17 ಹಾಕಿ, ರೋಡಿಗೆ ಗಟ್ಟಿ ಕೂರುತ್ತದೆ ಅಂದರು. ಹಿಂದಿನದು ಒಂದನ್ನೇ ಬದಲಿಸುವ ಯೋಚನೆ. ಸರಿಯಾ?

ಬಾಯಾರಿನವ:
ದುಡ್ಡು ಕೊಡುವ ಮೊದಲು ಎರಡು ವಿಷಯ ನೋಡಿ ಹೇಳಿ ಮಾರಾಯ್ರೇ. ಟಯರಿನ ಬದಿಯಲ್ಲಿ ಡಿಒಟಿ ಅಂತ ಇರುವ ಕಡೆ ಕೊನೆಗೆ ನಾಲ್ಕು ಅಂಕೆ ಇರುತ್ತದೆ. ಒಂದು ಬದಿಯಲ್ಲಿ ಕಾಣದಿದ್ದರೆ ಇನ್ನೊಂದು ಬದಿ ನೋಡಿ. ಮೊದಲ ಎರಡು ವಾರ, ಮತ್ತಿನ ಎರಡು ವರ್ಷ. ಮುಂದಿನ ಟಯರಿನದ್ದೂ ಬೇಕು. ಹಾಗೇ, ಗಾಳಿ ಎಷ್ಟು ಹಾಕಿಸುತ್ತೀರಿ?

ಕುಂಬಳೆಯ ಸವಾರ:
ಈಗಷ್ಟೆ ಟಾರ್ಚ್ ಹಿಡಿದು ನೋಡಿದೆ. ಎರಡರಲ್ಲೂ 1618. ಗೀರುಗಳ ಬುಡದಲ್ಲಿ ಕೂದಲೆಳೆಯಂಥ ಬಿರುಕು ಇದೆ. ಗಾಳಿ ಹಿಂದಿನ ಚಕ್ರಕ್ಕೆ 40. ಮೈಲೇಜ್ ಬರುತ್ತದೆ ಅಂತ ಪಂಕ್ಚರ್ ಅಂಗಡಿಯಲ್ಲಿ ಯಾವಾಗಲೂ ಅಷ್ಟೇ ಹಾಕುತ್ತಾರೆ.

ಬಾಯಾರಿನವ:
ಕಾರಣ ಅಲ್ಲೇ ಸಿಕ್ಕಿತು. 1618 ಅಂದರೆ 2018ರ 16ನೇ ವಾರ ತಯಾರಾದ ಟಯರ್. ಓಡದೆ ನಿಂತರೂ ರಬ್ಬರಿಗೆ ವಯಸ್ಸಾಗುತ್ತದೆ. ಬಿಸಿಲು, ಗಾಳಿ, ಸೆಕೆ ಸೇರಿ ಅದರ ಮೆದು ಹೋಗಿ ಗಟ್ಟಿಯಾಗುತ್ತದೆ. ಉಗುರಿನಿಂದ ಒತ್ತಿ ನೋಡಿ, ಹೊಸ ಟಯರಿನಲ್ಲಿ ಸ್ವಲ್ಪ ಒಳಗೆ ಹೋಗುತ್ತದೆ, ನಿಮ್ಮದರಲ್ಲಿ ಹೋಗಲಿಕ್ಕಿಲ್ಲ. ಗೀರು ಇರುವುದು ನೀರು ಹೊರಗೆ ಹಾಕಲಿಕ್ಕೆ. ಒದ್ದೆ ಡಾಂಬರನ್ನು ಹಿಡಿಯುವುದು ಮೆದು ರಬ್ಬರ್. ಕಾನೂನಿನ ಪ್ರಕಾರ ಬೈಕಿಗೆ 0.8 ಮಿಲಿಮೀಟರ್ ಆಳದ ಗೀರು ಇದ್ದರೆ ಸಾಕು, ಆ ಲೆಕ್ಕದಲ್ಲಿ ನಿಮ್ಮದು ಪಾಸ್. ಆದರೆ ಆಟಿ ತಿಂಗಳ ಜಡಿಮಳೆಯಲ್ಲಿ, ಹಾವಸೆ ಕಟ್ಟಿದ ತಿರುವಿನಲ್ಲಿ ಆ ಲೆಕ್ಕ ನಂಬಬೇಡಿ.

40 ಗಾಳಿ ಇನ್ನೊಂದು ತಪ್ಪು. ಟಯರ್ ನಡುವೆ ಉಬ್ಬಿ ನೆಲಕ್ಕೆ ತಾಗುವ ಜಾಗ ಕಡಿಮೆಯಾಗುತ್ತದೆ. ಹೈವೇಯಲ್ಲಿ ದಿನಾ ನೇರ ಓಡಿದಾಗ ನಡು ಮಾತ್ರ ಸವೆದು ಚಪ್ಪಟೆಯಾಗುತ್ತದೆ. ಮತ್ತೆ ತಿರುವಿನಲ್ಲಿ ಬೈಕ್ ವಾಲಿಸಿದರೆ ಆ ಚಪ್ಪಟೆಯ ಅಂಚು ದಾಟುವಾಗ ಒಮ್ಮೆ ತಟಕ್ಕನೆ ಬೀಳುವ ಹಾಗೆ ಅನಿಸುತ್ತದೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಒಬ್ಬರಿಗೆ ಎಷ್ಟು, ಇಬ್ಬರಿಗೆ ಎಷ್ಟು ಅಂತ ಬೇರೆ ಬೇರೆ ಇರುತ್ತದೆ. ಅದನ್ನೇ ಹಾಕಿಸಿ, ಬೆಳಗ್ಗೆ ಟಯರ್ ತಣ್ಣಗಿರುವಾಗ.

120 ಮಾತ್ರ ಬೇಡ. ಬೇರೆ ಪಲ್ಸರಿಗೆ ಆ ಅಳತೆ ಬರುತ್ತದೆ ನಿಜ, ಅದಕ್ಕೆ ಅಗಲದ ರಿಮ್ ಇದೆ. ನಿಮ್ಮ ಕಿರಿದಾದ ರಿಮ್ಮಿಗೆ ಹಾಕಿದರೆ ಬದಿಗಳು ಒಳಗೆ ಎಳೆದುಕೊಂಡು ಟಯರಿನ ದುಂಡು ಆಕಾರ ಕೆಡುತ್ತದೆ. ಅಗಲಕ್ಕೆ ಕೊಟ್ಟ ದುಡ್ಡಿಗೆ ಹಿಡಿತ ಬರುವುದಿಲ್ಲ. ಲೆಕ್ಕ ಹಾಕಿ ನೋಡಿ, ಅಳತೆಯಲ್ಲಿ ಮೊದಲಿನದು ಮಿಲಿಮೀಟರಿನಲ್ಲಿ ಟಯರಿನ ಅಗಲ, ಎರಡನೆಯದು ಆ ಅಗಲದ ಎಷ್ಟು ಶೇಕಡಾ ಎತ್ತರ ಅಂತ: 100ರ 90 ಶೇಕಡಾ ಅಂದರೆ 90 ಮಿಲಿಮೀಟರ್ ಎತ್ತರ, 120ರ 80 ಅಂದರೆ 96. ಚಕ್ರ ಒಟ್ಟು 12 ಮಿಲಿಮೀಟರ್ ದೊಡ್ಡದಾಯಿತು. ಚೈನ್ ಕವರಿಗೋ ಮಡ್‌ಗಾರ್ಡಿಗೋ ತಾಗುವ ಸಾಧ್ಯತೆಯೂ ಇದೆ.

ಮುಳ್ಳೇರಿಯದ ಅಣ್ಣ:
ಬಾಯಾರಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಮುಂದಿನದನ್ನೂ ಬದಲಿಸಿ ತಮ್ಮಾ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದೆ ಬರುತ್ತದೆ. ಹಿಂದಿನ ಚಕ್ರ ಜಾರಿದರೆ ಸುಧಾರಿಸಿಕೊಳ್ಳಲು ಒಂದು ಅವಕಾಶ ಇರುತ್ತದೆ, ಮುಂದಿನದು ಜಾರಿದರೆ ನೆಲವೇ. ದುಡ್ಡು ಸಾಲದಿದ್ದರೆ ಒಂದು ತಿಂಗಳು ಬಸ್ಸಿನಲ್ಲಿ ಹೋಗಿ, ಎರಡೂ ಒಟ್ಟಿಗೆ ಹಾಕಿಸಿ. ನಾನು ಹಿಂದಿನದು ಒಂದನ್ನೇ ಹಾಕಿಸಿ, ಕಾಲಿಗೆ ಆರು ವಾರ ಪ್ಲಾಸ್ಟರ್ ಕಟ್ಟಿಸಿಕೊಂಡವನು.

ಹಿಂದಿನದಕ್ಕೆ 55ಪಿ ಅಥವಾ ಅದಕ್ಕಿಂತ ಮೇಲಿನದು ಕೇಳಿ. 55 ಅಂದರೆ 218 ಕಿಲೋ ಭಾರ, ಪಿ ಅಂದರೆ ಗಂಟೆಗೆ 150 ಕಿಲೋಮೀಟರ್ ವೇಗದವರೆಗೆ. ಕಂಪೆನಿ ಯಾವುದೆಂದು ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಅಂಗಡಿಯಲ್ಲಿ ತಾರೀಕು ನೋಡಿಯೇ ತೆಗೆದುಕೊಳ್ಳಿ, ಹಳೆ ಸ್ಟಾಕ್ ಕೊಟ್ಟರೆ ಬೇರೆ ಕೇಳಿ. ಬದಿಯ ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗೇ ಇರಬೇಕು. ಟ್ಯೂಬ್‌ಲೆಸ್ ಆದರೆ ವಾಲ್ವ್ ಕೂಡ ಹೊಸದು ಹಾಕಿಸಿ.

ಕುಂಬಳೆಯ ಸವಾರ:
ಉಗುರು ಒಳಗೆ ಹೋಗಲೇ ಇಲ್ಲ! ಇವತ್ತು ಎರಡೂ ಬದಲಿಸಿದೆ, ಅದೇ ಅಳತೆ. ಅಂಗಡಿಯವರು ಮೊದಲು ತಂದದ್ದು ಮೂರು ವರ್ಷ ಹಳೆಯದು, ಒಳಗಿನಿಂದ ಬೇರೆ ತರಿಸಿದೆ. ಬರುವಾಗ ಮಳೆ ಇತ್ತು, ಹೊಸ ಟಯರೂ ಸ್ವಲ್ಪ ಜಾರಿದ ಹಾಗಾಯಿತು. ಇದು ಸಹಜವಾ?

ಬಾಯಾರಿನವ:
ಸಹಜ. ಹೊಸ ಟಯರಿನ ಮೇಲ್ಮೈ ನುಣುಪಾಗಿರುತ್ತದೆ, ಅದು ಉಜ್ಜಿ ಹೋಗಬೇಕು. ಮೊದಲ 150 ಕಿಲೋಮೀಟರ್ ಮೆಲ್ಲ ಹೋಗಿ, ಜೋರು ಬ್ರೇಕ್ ಬೇಡ, ಜಾಸ್ತಿ ವಾಲಿಸುವುದೂ ಬೇಡ. ಈ ಭಾನುವಾರ ಅಮ್ಮನನ್ನು ಬಸ್ಸಿನಲ್ಲಿ ಕಳುಹಿಸಿ.