ಹಳೇ ಬುಲೆಟ್‌ನ ಫುಟ್‌ರೆಸ್ಟ್ ನಡುಗುತ್ತಿದೆ, ಎಂಜಿನ್ ಬಿಚ್ಚಿಸಬೇಕಾ?

ಶಿರಸಿ ಸೀಮೆ:
ಅಪ್ಪನ ಬುಲೆಟ್ 350, 1998ರ ಮಾಡೆಲ್, ಬಲಗಾಲಿನ ಗೇರು. ವೇಗ 55 ಕಿ.ಮೀ. ತನಕ ತೊಂದರೆ ಇಲ್ಲ. 60 ದಾಟಿದರೆ ಎಡಗಡೆ ಫುಟ್‌ರೆಸ್ಟ್ ಜುಮುಜುಮು ಅನ್ನುತ್ತದೆ. ಮೊನ್ನೆ ದೇವಿಮನೆ ಘಟ್ಟ ಇಳಿದು ಕತಗಾಲ ದಾಟಿದ ಮೇಲೆ ಸ್ವಲ್ಪ ಓಡಿಸಿದೆ, ಕುಮಟಾ ಮುಟ್ಟುವಾಗ ಪಾದಕ್ಕೆ ಇರುವೆ ಹರಿದ ಹಾಗಿತ್ತು. ಎಡಗಾಲಲ್ಲೇ ಬ್ರೇಕ್ ಇರುವುದು, ಅದಕ್ಕೇ ಹೆದರಿಕೆ. ಮೆಕ್ಯಾನಿಕ್ ಎಂಜಿನ್ ಬಿಚ್ಚಬೇಕು, 18,000 ಆಗುತ್ತದೆ ಅಂದ. ಅನುಭವ ಇದ್ದವರು ಹೇಳಿ.

ಕಾಳಿ ದಡ:
ಬಿಚ್ಚಿಸಿಬಿಡಿ ಮಾರಾಯ್ರೆ, ಮುಂದೂಡಿದಷ್ಟೂ ಖರ್ಚು. ನನ್ನದು ಯಮಹಾ ಆರ್‌ಎಕ್ಸ್ 100, ಎರಡು ಸ್ಟ್ರೋಕಿನ ಬೈಕು. ಕಾರವಾರದಿಂದ ಮಾಜಾಳಿಗೆ ದಿನಾ ಓಡಾಟ. ಇದೇ ನಡುಕ. ಮೊದಲು ಫುಟ್‌ರೆಸ್ಟ್ ರಬ್ಬರ್ ಹಾಕಿಸಿದೆ, 120. ಆಮೇಲೆ ದಪ್ಪ ಅಟ್ಟೆಯ ಬೂಟು ತಗೊಂಡೆ, 1,400, ಅದು ಈಗ ಅಟ್ಟದ ಮೇಲಿದೆ. ಕಡೆಗೆ ಪಿಸ್ಟನ್ ತಿರುಗಿಸುವ ದಂಡ, ಅದೇ ಕ್ರ್ಯಾಂಕ್, ಹೊರಗೆ ಬಂತು. ಕನೆಕ್ಟಿಂಗ್ ರಾಡ್ ಕಿಟ್ 2,300, ಬೇರಿಂಗ್ 900, ಆಯಿಲ್ ಸೀಲ್ 260, ಲೇತ್ ಕೂಲಿ 800, ಗ್ಯಾರೇಜ್ ಕೂಲಿ 1,500. ಎಲ್ಲ ಕೂಡಿಸಿ ಸ್ಟಾರ್ಟ್ ಮಾಡಿದರೆ ಮೊದಲಿಗಿಂತ ಜಾಸ್ತಿ ನಡುಕ!

ಲೇತಿನವನು ಕ್ರ್ಯಾಂಕಿನ ಪಿನ್ ಒತ್ತಿ ಕೊಟ್ಟಿದ್ದ, ಅಷ್ಟೇ. ಕ್ರ್ಯಾಂಕ್ ನೇರ ಇದೆಯಾ ಅಂತ ನೋಡಿರಲಿಲ್ಲ. ಮತ್ತೆ ಬಿಚ್ಚಿಸಿ, ಕ್ರ್ಯಾಂಕನ್ನು ಹಳೇ ಲುಂಗಿಯಲ್ಲಿ ಸುತ್ತಿ, ಮಗುವಿನ ಹಾಗೆ ತೊಡೆ ಮೇಲಿಟ್ಟುಕೊಂಡು ಹುಬ್ಬಳ್ಳಿ ಬಸ್ಸು ಹತ್ತಿದೆ. ಅಲ್ಲಿ ಒಬ್ಬರು ಹಿರಿಯರು ಅದನ್ನು ಎರಡು ಚೂಪು ಮೊನೆಗಳ (ಸೆಂಟರ್) ನಡುವೆ ಸಿಕ್ಕಿಸಿ, ಕೂದಲೆಳೆಯ ಓರೆಯನ್ನೂ ಮುಳ್ಳಲ್ಲಿ ತೋರಿಸುವ ಡಯಲ್ ಗೇಜ್ ತಾಗಿಸಿ, ಬೆರಳಲ್ಲಿ ಮೆಲ್ಲಗೆ ತಿರುಗಿಸಿದರು. ಮುಳ್ಳು 0.12 ಮಿ.ಮೀ. ಹಾರಿತು. ಇರಬೇಕಾದ್ದು 0.03ರ ಒಳಗೆ. ತಾಮ್ರದ ಸುತ್ತಿಗೆಯಿಂದ ಟಕ್ ಅಂತ ಒಂದು ಏಟು, ಮತ್ತೆ ತಿರುಗಿಸುವುದು, ಮುಳ್ಳು ನೋಡುವುದು, ಮತ್ತೊಂದು ಏಟು. ಮುಕ್ಕಾಲು ಗಂಟೆ ಮಾತೇ ಆಡಲಿಲ್ಲ. ತಗೊಂಡದ್ದು 600. ಈಗ 70ರಲ್ಲೂ ಕನ್ನಡಿಯಲ್ಲಿ ಹಿಂದಿನ ಲಾರಿಯ ನಂಬರ್ ಓದಬಹುದು.

ಹಿತ್ತಲ ಗ್ಯಾರೇಜ್:
ಎರಡು ಸ್ಟ್ರೋಕಿನ ಕಥೆ ಬುಲೆಟ್‌ಗೆ ಯಾಕೆ? ಎಂಜಿನ್ನೋ ಚಕ್ರವೋ ಅದನ್ನು ಮೊದಲು ನೋಡಿ. 65ರಲ್ಲಿ ನಡುಕ ಬಂದಾಗ ಕ್ಲಚ್ ಹಿಡಿದು ಆಕ್ಸಿಲೇಟರ್ ಬಿಡಿ. ನಡುಕ ನಿಂತರೆ ಎಂಜಿನ್ ಕಡೆಯದು. ನಿಲ್ಲದಿದ್ದರೆ ಟೈರು, ರಿಮ್ಮು, ಚಕ್ರದ ಬೇರಿಂಗು. ನಾನು ಇದನ್ನು ಮಾಡದೆ ಕಾರ್ಬುರೇಟರ್, ಪ್ಲಗ್, ಟ್ಯಾಪೆಟ್, ಕ್ಲಚ್ ಪ್ಲೇಟ್ ಅಂತ 4,350 ಸುರಿದೆ. ಎರಡು ತಿಂಗಳು ಹೆಂಡತಿ ಹತ್ತಿರ ಬೈಸಿಕೊಂಡೆ. ಕಡೆಗೆ ಪಂಕ್ಚರ್ ಅಂಗಡಿಯ ಹುಡುಗ ಹಿಂದಿನ ಚಕ್ರ ತಿರುಗಿಸಿ, "ಅಣ್ಣಾ, ಟೈರು ಒಂದು ಕಡೆ ಉಬ್ಬಿದೆ" ಅಂದ.

ಯಲ್ಲಾಪುರ ಲೋಡ್:
ಘಟ್ಟದ ಕೆಳಗೆ ಹೋಗುವವನಿಗೆ ಕ್ಲಚ್ ಹಿಡಿ ಅಂತೀರಲ್ಲ, ತಲೆ ಸರಿ ಇದೆಯಾ? ಇಳಿಜಾರಲ್ಲಿ ಕ್ಲಚ್ ಹಿಡಿದರೆ ಎಂಜಿನ್ ಹಿಡಿತ ಹೋಗುತ್ತದೆ. ಅದೂ ಬುಲೆಟ್‌ನ ಡ್ರಮ್ ಬ್ರೇಕ್ ನಂಬಿಕೊಂಡು! ಅರಬೈಲ್ ಘಟ್ಟದಲ್ಲಿ ಇದೇ ಬುದ್ಧಿವಂತಿಕೆ ಮಾಡಿದವನನ್ನು ಗಟಾರದಿಂದ ಎತ್ತಿದ್ದು ನಾನೇ.

ಹಿತ್ತಲ ಗ್ಯಾರೇಜ್:
ಘಟ್ಟದಲ್ಲಿ ಅಂತ ಎಲ್ಲಿ ಬರೆದೆ, ತೋರಿಸಿ. ಅಂಕೋಲಾ ಕಡೆ 66ರ ಹೆದ್ದಾರಿ ಚಪ್ಪಟೆ ಬಿದ್ದಿದೆ. ಓದದೆ ಉತ್ತರ ಬರೆಯುವ ಚಾಳಿ ಬಿಡಿ.

ಯಲ್ಲಾಪುರ ಲೋಡ್:
ಸರಿ, ಬುಲೆಟ್ ಇದ್ದವನು ಹೇಳುತ್ತೇನೆ, ಕೇಳಿ. ಹಳೇ 350ರಲ್ಲಿ ಪಿಸ್ಟನ್ ಒಂದೇ, ಬೋರ್ ಅಂದರೆ ಸಿಲಿಂಡರಿನ ಅಗಲ 70, ಸ್ಟ್ರೋಕ್ ಅಂದರೆ ಪಿಸ್ಟನ್ ಓಡುವ ದೂರ 90 ಮಿ.ಮೀ. ನಡುಕ ತಡೆಯಲು ಬ್ಯಾಲೆನ್ಸರ್ ಶಾಫ್ಟ್ ಇಲ್ಲ. ಅದು ನಡುಗದಿದ್ದರೇ ಅನುಮಾನ ಪಡಬೇಕು. ಅದರ ಫ್ರೇಮ್ ಕೆಳಗಡೆ ತೆರೆದೇ ಇದೆ, ಆ ಜಾಗ ಕೂಡಿಸುವುದು ಎಂಜಿನ್ನೇ. ಎಂಜಿನ್ನನ್ನು ಫ್ರೇಮಿಗೆ ಹಿಡಿದಿಡುವ ಮೌಂಟಿಂಗ್ ಬೋಲ್ಟ್ ಒಂದು ಸಡಿಲ ಆದರೂ ಇಡೀ ಗಾಡಿ ಗಡಗಡ.

ನನಗೆ ಇದನ್ನು ಯಾರೂ ಹೇಳಲಿಲ್ಲ. ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿದೆ, 6,800. ಅಡಿಕೆ ಮಾರಿದ ದುಡ್ಡು. ನಡುಕ ಕೂದಲಷ್ಟೂ ಕಡಿಮೆ ಆಗಲಿಲ್ಲ. ಆಮೇಲೆ ಒಂದು ಭಾನುವಾರ ನಾನೇ ಪಾನಾ ಹಿಡಿದು ಕೂತೆ. ಹಿಂದಿನ ಎಂಜಿನ್ ಪ್ಲೇಟಿನ ಸುತ್ತ ಕೆಂಪು ಪುಡಿ ಉದುರಿತ್ತು, ಕುಂಕುಮದ ಹಾಗೆ. ಅದು ತುಕ್ಕಲ್ಲ, ಕಬ್ಬಿಣ ಕಬ್ಬಿಣಕ್ಕೆ ಉಜ್ಜಿ ಬಂದ ಹಿಟ್ಟು. ಪ್ಲೇಟ್ ಬಿಗಿಯುವ ಉದ್ದ ಬೋಲ್ಟು, ಅದೇ ಸ್ಟಡ್, ಎಳೆದರೆ ತೂತು ಮೊಟ್ಟೆ ಆಕಾರ! ತೂತು ತುಂಬಿಸಿ ಮತ್ತೆ ಕೊರೆದದ್ದು 350, ಹೊಸ ಸ್ಟಡ್ 90. 440ರ ಕೆಲಸಕ್ಕೆ 6,800 ಕಳೆದೆ.

ಎಂಜಿನ್ನಿನ ಮೇಲ್ತುದಿ (ಹೆಡ್) ಮತ್ತು ಫ್ರೇಮ್ ನಡುವಿನ ಪಟ್ಟಿ ಇದೆಯಾ ನೋಡಿ. ಟ್ಯಾಂಕ್ ಕೆಳಗಿರುತ್ತದೆ, ಬಿಚ್ಚಿದವರು ಹಾಕುವುದನ್ನು ಮರೆಯುತ್ತಾರೆ. ಬಿಗಿ ಮಾಡುವಾಗ ಎಲ್ಲ ಬೋಲ್ಟ್ ಸಡಿಲ ಬಿಟ್ಟು, ಎಂಜಿನ್ ತಾನೇ ಕೂತ ಮೇಲೆ ಕೆಳಗಿನವು ಮೊದಲು, ಆ ಪಟ್ಟಿ ಕೊನೆಗೆ.

ಕಾಳಿ ದಡ:
ಕೆಂಪು ಪುಡಿ ತುಕ್ಕಲ್ಲವಂತೆ! ಇದೂ ತುಕ್ಕೇ, ಉಜ್ಜಿ ಹುಟ್ಟಿದ್ದು ಅಷ್ಟೇ. ಸಮುದ್ರದ ಪಕ್ಕ ಒಂದು ಮಳೆಗಾಲ ಗಾಡಿ ಇಟ್ಟು ನೋಡಿ. ಉಪ್ಪು ಗಾಳಿಗೆ ನನ್ನ ಸೈಲೆನ್ಸರ್ ಮೂರು ವರ್ಷ ಬಾಳುವುದಿಲ್ಲ.

ಯಲ್ಲಾಪುರ ಲೋಡ್:
ಹಾಗಾದ್ರೆ ತೊಳೆಯಿರಿ. ಬೈಕಿಗೆ ನೀರು ತೋರಿಸದವರು ಗಾಳಿಯನ್ನು ಬೈಯುತ್ತಾರೆ.

ಯೆಜ್ಡಿ ಮನೆ:
ಬುಲೆಟ್ ತಗೊಂಡು ಕಾಲು ಜುಮ್ಮಂದರೆ ಅಳುವುದು ಯಾಕೆ? ನಮ್ಮ ಮೈಸೂರಿನ ಯೆಜ್ಡಿಯಲ್ಲಿ ಕಿಕ್ಕು, ಗೇರು ಎರಡಕ್ಕೂ ಒಂದೇ ಲಿವರ್. ಎಂಜಿನ್ ಒಂದೇ ಸಿಲಿಂಡರ್, ಸೈಲೆನ್ಸರ್ ಎರಡು. ಫ್ಯಾಕ್ಟರಿ 1996ರಲ್ಲೇ ಮುಚ್ಚಿತು, ನನ್ನ ಗಾಡಿ ಇನ್ನೂ ಹೊನ್ನಾವರದಿಂದ ಜೋಗ ಹತ್ತುತ್ತದೆ. ನಡುಕ ನನಗೂ ಬಂದಿತ್ತು, ಸೈಲೆನ್ಸರಿನ ಒಂದು ಕ್ಲಾಂಪ್ ಸಡಿಲ. 40 ರೂಪಾಯಿ.

ಹಿತ್ತಲ ಗ್ಯಾರೇಜ್:
ಜೋಗ ಹತ್ತುತ್ತದೆ ಸರಿ, ದಾರಿಯಲ್ಲಿ ಎಷ್ಟು ಸಲ ಪ್ಲಗ್ ಬಿಚ್ಚಿ ಒರೆಸುತ್ತೀರಿ ಅದನ್ನೂ ಬರೆಯಿರಿ.

ಯೆಜ್ಡಿ ಮನೆ:
ಎರಡು ಸಲ. ನಿಮ್ಮ ಉಬ್ಬಿದ ಟೈರಿಗಿಂತ ವಾಸಿ.

ಶಿರಸಿ ಸೀಮೆ:
ಜಗಳ ಆಮೇಲೆ ಮಾಡಿ ಮಾರಾಯ್ರೆ. ಚಪ್ಪಟೆ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲದಾಗ ಕ್ಲಚ್ ಹಿಡಿದು ನೋಡಿದೆ. ನಡುಕ ತಕ್ಷಣ ನಿಂತಿತು. ಮೂರನೇ ಗೇರಿನಲ್ಲಿ ಮಾತ್ರ ಅದೇ ನಡುಕ 45ಕ್ಕೇ ಬಂತು. ಹಾಗಾದರೆ ನಡುಕ ಗಾಡಿಯ ವೇಗಕ್ಕಲ್ಲ, ಎಂಜಿನ್ ತಿರುಗುವ ವೇಗಕ್ಕೆ, ಅಂದರೆ ಎಂಜಿನ್ ಕಡೆಯದು. ಟ್ಯಾಂಕ್ ಇಳಿಸಿದೆ. ಯಲ್ಲಾಪುರದವರು ಹೇಳಿದ ಪಟ್ಟಿ ಇದೆ, ಬೋಲ್ಟ್ ಒಂದೇ. ಇನ್ನೊಂದರ ಜಾಗದಲ್ಲಿ ಬಾಳೆನಾರಿನ ಹಗ್ಗ ಕಟ್ಟಿದ್ದರು! ಅಪ್ಪನನ್ನು ಕೇಳಿದರೆ ನಗುತ್ತಾ ತೋಟದ ಕಡೆ ಹೋದರು. ಬೋಲ್ಟ್ ಹಾಕಿದ ಮೇಲೆ ಅರ್ಧ ಕಡಿಮೆ ಆಗಿದೆ. ಹಿಂದಿನ ಪ್ಲೇಟಲ್ಲಿ ಸ್ವಲ್ಪ ಕೆಂಪು ಪುಡಿ ಇದೆ. ಭಾನುವಾರ ಸ್ಟಡ್ ಎಳೆಯುತ್ತೇನೆ. 18,000ದವನಿಗೆ ಫೋನ್ ಮಾಡಿ ಈಗ ಬೇಡ ಅಂದೆ.

ಕಾಳಿ ದಡ:
ಕ್ರ್ಯಾಂಕ್ ನೋಡಿಸದೆ ಬಿಡಬೇಡಿ. ಆಮೇಲೆ ನನ್ನನ್ನು ನೆನೆಸುತ್ತೀರಿ.

ಯಲ್ಲಾಪುರ ಲೋಡ್:
ಬಾಳೆನಾರು ಎಷ್ಟು ವರ್ಷ ತಡೆಯಿತು? ಅದನ್ನು ಕೇಳಿ ಹೇಳಿ.