ಹುಳು ಸಾಕುವ ಮನೆಗೆ ಗರ್ಭಿಣಿ ಮಗಳು ಬರುತ್ತಿದ್ದಾಳೆ: ಝೀಕಾ ವೈರಸ್ಸಿಗೆ ಎಷ್ಟು ಹೆದರಬೇಕು?

ಪ್ರಶ್ನೆ: ಶಿಡ್ಲಘಟ್ಟ ತಾಲ್ಲೂಕಿನ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ ಮೂರನೆಯ ತಿಂಗಳು. ವಾಂತಿ, ಸುಸ್ತು ಹೆಚ್ಚಾಗಿರುವುದರಿಂದ ಕೆಲವು ವಾರ ತೌರಿನಲ್ಲಿರಲು ಬರುತ್ತಿದ್ದಾಳೆ. 2023ರಲ್ಲಿ ನಮ್ಮ ತಾಲ್ಲೂಕಿನ ತಲಕಾಯಲಬೆಟ್ಟದಲ್ಲಿ ಹಿಡಿದ ಸೊಳ್ಳೆಗಳಲ್ಲಿ ಝೀಕಾ ವೈರಸ್ ಪತ್ತೆಯಾಗಿ, ಸುತ್ತಲಿನ ಹಳ್ಳಿಗಳಲ್ಲಿ ಜ್ವರವಿದ್ದವರ ಮತ್ತು ಗರ್ಭಿಣಿಯರ ರಕ್ತದ ಮಾದರಿಗಳನ್ನು ತೆಗೆದುಕೊಂಡಿದ್ದರು. ಆಗ ಯಾರೂ ಹಾಸಿಗೆ ಹಿಡಿಯಲಿಲ್ಲ, ಅದು ಮುಗಿದ ಕಥೆ ಎಂದು ನೆರೆಯವರು ಹೇಳುತ್ತಾರೆ. ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಹುಳು ಇರುವಾಗ ಔಷಧಿ ಹೊಡೆಯುವಂತಿಲ್ಲ, ಸೊಳ್ಳೆ ಬತ್ತಿ ಹಚ್ಚುವುದಕ್ಕೂ ಭಯ. ಈ ವೈರಸ್ ಹೇಗೆ ಹರಡುತ್ತದೆ, ಹೊಟ್ಟೆಯಲ್ಲಿರುವ ಮಗುವಿಗೆ ಏನು ಮಾಡುತ್ತದೆ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ಆರೋಗ್ಯ ನಿರೀಕ್ಷಕ, ಚಿಂತಾಮಣಿ

ಯಾರೂ ಹಾಸಿಗೆ ಹಿಡಿಯಲಿಲ್ಲ ಎಂಬುದರಿಂದ ಸೋಂಕು ಇರಲಿಲ್ಲವೆಂದು ತೀರ್ಮಾನಿಸಲಾಗದು, ಏಕೆಂದರೆ ಝೀಕಾ ಸೋಂಕು ತಗುಲಿದವರಲ್ಲಿ ಬಹುಪಾಲು ಜನರಿಗೆ ಯಾವ ಲಕ್ಷಣವೂ ಕಾಣುವುದಿಲ್ಲ. ಕಂಡರೂ ಸಣ್ಣ ಜ್ವರ, ಮೈಮೇಲೆ ದದ್ದು, ಕಣ್ಣು ಕೆಂಪಾಗುವುದು, ಕೀಲುನೋವು ಇಷ್ಟೇ, ವಾರದೊಳಗೆ ಇಳಿಯುತ್ತದೆ. 1947ರಲ್ಲಿ ಉಗಾಂಡದ ಝೀಕಾ ಕಾಡಿನ ಕೋತಿಯೊಂದರಲ್ಲಿ ಮೊದಲು ಸಿಕ್ಕ ಈ ವೈರಸ್ಸನ್ನು ಜಗತ್ತು ದಶಕಗಳ ಕಾಲ ಗಂಭೀರವಾಗಿ ತೆಗೆದುಕೊಳ್ಳದಿರಲು ಈ ಸೌಮ್ಯತೆಯೇ ಕಾರಣವೆಂದು ನನಗನ್ನಿಸುತ್ತದೆ. ನಮ್ಮ ರಾಜ್ಯದಲ್ಲಿ ಮನುಷ್ಯರಲ್ಲಿ ಮೊದಲು ದೃಢಪಟ್ಟದ್ದು 2022ರ ಡಿಸೆಂಬರಿನಲ್ಲಿ, ರಾಯಚೂರು ಜಿಲ್ಲೆಯ ಐದು ವರ್ಷದ ಬಾಲಕಿಯಲ್ಲಿ.

ಹರಡುವುದು ಡೆಂಗಿ, ಚಿಕೂನ್‌ಗುನ್ಯಾ ಹರಡುವ ಅದೇ ಈಡಿಸ್ ಸೊಳ್ಳೆ. ಅದು ಕಚ್ಚುವುದು ಹಗಲಿನಲ್ಲಿ, ಮುಖ್ಯವಾಗಿ ಬೆಳಗ್ಗೆ ಮತ್ತು ಸಂಜೆಗೆ ಮುಂಚೆ. ಆದ್ದರಿಂದ ರಾತ್ರಿ ಮಾತ್ರ ಪರದೆ ಕಟ್ಟಿದರೆ ಸಾಲದು, ಮಗಳು ಮಧ್ಯಾಹ್ನ ಮಲಗುವಾಗಲೂ ಕಟ್ಟಿರಿ. ಈ ಸೊಳ್ಳೆ ಚರಂಡಿಯ ಕೊಳಕು ನೀರಿಗಿಂತ ನಾವು ಕೂಡಿಟ್ಟ ಸ್ವಚ್ಛ ನೀರನ್ನೇ ಬಯಸುತ್ತದೆ. ವರ್ಷಪೂರ್ತಿ ಹರಿಯುವ ನದಿಯಿಲ್ಲದ ನಮ್ಮ ಜಿಲ್ಲೆಯಲ್ಲಿ, ನಲ್ಲಿ ನೀರು ಬಂದ ದಿನ ಡ್ರಮ್ಮು, ತೊಟ್ಟಿ, ಸಂಪುಗಳನ್ನೆಲ್ಲ ತುಂಬಿಸಿಕೊಳ್ಳದೆ ಯಾರಿಗೂ ಬೇರೆ ದಾರಿಯಿಲ್ಲ; ಅದು ಜನರ ತಪ್ಪೂ ಅಲ್ಲ. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ವಾರಕ್ಕೊಮ್ಮೆ ಪಾತ್ರೆಗಳನ್ನು ಬರಿದು ಮಾಡಿ, ಒಳಗೋಡೆಯನ್ನು ತಿಕ್ಕಿ ತೊಳೆಯಬೇಕು. ಅಂಚಿಗೆ ಅಂಟಿದ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ, ಹಾಗಾಗಿ ಬರಿದು ಮಾಡಿದರಷ್ಟೇ ಆಗುವುದಿಲ್ಲ.

ಉತ್ತರ: ರೇಷ್ಮೆ ಬೆಳೆಗಾರ, ಶಿಡ್ಲಘಟ್ಟ

ಅಮ್ಮಾ, ಡ್ರಮ್ಮುಗಳ ಜೊತೆಗೆ ಹುಳುವಿನ ಮನೆಯನ್ನೂ ನೋಡಿಕೊಳ್ಳಿ. ಇರುವೆ ಹತ್ತದಿರಲೆಂದು ಸ್ಟ್ಯಾಂಡಿನ ಕಾಲುಗಳ ಕೆಳಗೆ ಇಡುವ ನೀರಿನ ಬಟ್ಟಲುಗಳು ಬೆಳೆ ಮುಗಿದ ಮೇಲೂ ಹಾಗೆಯೇ ಉಳಿದು, ಲಾರ್ವಾ ತುಂಬಿಕೊಂಡಿರುವುದನ್ನು ನಾನು ಹಲವು ಮನೆಗಳಲ್ಲಿ ಕಂಡಿದ್ದೇನೆ. ಅದಕ್ಕೆ ಔಷಧಿಯೇ ಬೇಕಿಲ್ಲ. ವಾರಕ್ಕೊಮ್ಮೆ ಚೆಲ್ಲಿ, ಉಜ್ಜಿ, ಹೊಸ ನೀರು ಹಾಕಿದರೆ ಹುಳುವಿಗೂ ತೊಂದರೆಯಿಲ್ಲ.

ಉತ್ತರ: ಪ್ರಸೂತಿ ವೈದ್ಯೆ, ಕೋಲಾರ

ವೈರಸ್ ತಾಯಿಯಿಂದ ಭ್ರೂಣಕ್ಕೆ ದಾಟಬಲ್ಲದು. 2015ರಲ್ಲಿ ಬ್ರೆಜಿಲ್‌ನಲ್ಲಿ ತಲೆ ಚಿಕ್ಕದಾಗಿ, ಮಿದುಳು ಸರಿಯಾಗಿ ಬೆಳೆಯದೆ ಹುಟ್ಟಿದ ಶಿಶುಗಳ ಸಂಖ್ಯೆ ಏರಿದಾಗ ಈ ಸಂಬಂಧ ಗಮನಕ್ಕೆ ಬಂತು. 2016ರ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ತುರ್ತುಸ್ಥಿತಿ ಘೋಷಿಸಿತು. ಕಣ್ಣು, ಕಿವಿ, ಕೀಲುಗಳ ದೋಷಗಳೂ ಉಂಟಾಗಬಹುದು. ಆದರೆ ಸೋಂಕು ತಗುಲಿದ ಎಲ್ಲ ತಾಯಂದಿರ ಮಕ್ಕಳಿಗೂ ಹೀಗಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಶೇಕಡ 5ರಿಂದ 15. ಮೊದಲ ಮೂರು ತಿಂಗಳ ಸೋಂಕಿನಲ್ಲಿ ಅಪಾಯ ಹೆಚ್ಚು. ದೊಡ್ಡವರಲ್ಲಿ ಅಪರೂಪಕ್ಕೆ ಕೈಕಾಲು ಬಲಹೀನವಾಗುವ ಗಿಯಾನ್-ಬಾರೆ ಎಂಬ ನರಗಳ ಕಾಯಿಲೆ ಬರುತ್ತದೆ.

ಲಸಿಕೆಯೂ ನಿರ್ದಿಷ್ಟ ಔಷಧಿಯೂ ಇಲ್ಲ. ಮಗಳಿಗೆ ಜ್ವರ ಅಥವಾ ದದ್ದು ಕಂಡರೆ ಅದೇ ದಿನ ವೈದ್ಯರಿಗೆ ತೋರಿಸಿ. ರಕ್ತದಲ್ಲಿ ವೈರಸ್ ಸಿಗುವುದು ಮೊದಲ ಕೆಲವು ದಿನ ಮಾತ್ರ. ಡೆಂಗಿ ಅಲ್ಲವೆಂದು ಖಚಿತವಾಗುವ ತನಕ ನೋವಿಗೆಂದು ಆಸ್ಪಿರಿನ್, ಐಬುಪ್ರೊಫೆನ್ ಕೊಡಬಾರದು, ಪ್ಯಾರಾಸಿಟಮಾಲ್ ಆಗಬಹುದು.

ಪ್ರಶ್ನಿಸಿದವರು

ತುಂಬ ಉಪಕಾರವಾಯಿತು. ಅಳಿಯಂದಿರು ಪುಣೆಯಲ್ಲಿ ಕೆಲಸದಲ್ಲಿದ್ದು, ಆಗಾಗ ಬಂದು ಹೋಗುತ್ತಾರೆ. ಅದರಿಂದ ಏನಾದರೂ ತೊಂದರೆಯೇ?

ಉತ್ತರ: ಪ್ರಸೂತಿ ವೈದ್ಯೆ, ಕೋಲಾರ

ಕೇಳಿದ್ದು ಒಳ್ಳೆಯದಾಯಿತು, ಇದನ್ನು ಸಂಕೋಚದಿಂದ ಯಾರೂ ಕೇಳುವುದಿಲ್ಲ. 2024ರಲ್ಲಿ ಪುಣೆಯಲ್ಲಿ ಗರ್ಭಿಣಿಯರೂ ಸೇರಿದಂತೆ ಹಲವರಲ್ಲಿ ಝೀಕಾ ಕಂಡುಬಂದಿತ್ತು. ಈ ವೈರಸ್ ದೈಹಿಕ ಸಂಪರ್ಕದಿಂದಲೂ ಹರಡುತ್ತದೆ ಮತ್ತು ಗಂಡಸರ ವೀರ್ಯದಲ್ಲಿ ರಕ್ತಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ಸೋಂಕಿರುವ ಊರಿನಿಂದ ಬಂದು ಹೋಗುವ ಪತಿ, ಹೆರಿಗೆಯಾಗುವ ತನಕ ಕಾಂಡೋಮ್ ಬಳಸಬೇಕು ಅಥವಾ ದೂರವಿರಬೇಕು. ಇದನ್ನು ನೀವೇ ಹೇಳಲು ಮುಜುಗರವಾದರೆ, ಮಗಳ ಮುಂದಿನ ತಪಾಸಣೆಗೆ ಅಳಿಯಂದಿರನ್ನೂ ಕರೆದುಕೊಂಡು ಹೋಗಿ. ವೈದ್ಯರೇ ಇಬ್ಬರಿಗೂ ತಿಳಿಸುತ್ತಾರೆ.